ಕ್ರೂಸ್ ಹಡಗು ಹತ್ತುವುದು, ಇಳಿಯುವುದು: ಹಾಸನ–ಚಿಕ್ಕಮಗಳೂರಿನ ಪ್ರಯಾಣಿಕರಿಗೆ ಸಮಗ್ರ ಮಾರ್ಗದರ್ಶಿ

ಕ್ರೂಸ್ ಪ್ರವಾಸ ಮುಗಿಸಿ ಬಂದವರಲ್ಲಿ ಸಮುದ್ರದ ಮೇಲೆ ಕಳೆದ ದಿನಗಳ ಬಗ್ಗೆ ದೂರು ಹೇಳುವವರು ಕಡಿಮೆ. ತೊಂದರೆಗಳೆಲ್ಲ ಹತ್ತುವ ಮಧ್ಯಾಹ್ನ ಮತ್ತು ಇಳಿಯುವ ಬೆಳಿಗ್ಗೆಯಲ್ಲಿ ಆಗಿರುತ್ತವೆ. ಪಾಸ್‌ಪೋರ್ಟ್ ಇದ್ದ ಸೂಟ್‌ಕೇಸನ್ನೇ ಹಮಾಲರ ಕೈಗೆ ಕೊಟ್ಟುಬಿಟ್ಟವರಿದ್ದಾರೆ. ಹಡಗು ಹೊರಡುವ ಹೊತ್ತಿಗೆ ಸರಿಯಾಗಿ ಬಂದರು ತಲುಪಿ ಗೇಟಿನ ಹೊರಗೇ ಉಳಿದವರಿದ್ದಾರೆ. ಕೊನೆಯ ರಾತ್ರಿ ಬಟ್ಟೆಯನ್ನೆಲ್ಲ ತುಂಬಿ ಚೀಲ ಹೊರಗಿಟ್ಟು, ಬೆಳಿಗ್ಗೆ ಲುಂಗಿ ಬನಿಯನ್ನಿನಲ್ಲಿ ಉಪಾಹಾರಕ್ಕೆ ಹೋಗಬೇಕಾಗಿ ಬಂದವರೂ ಇದ್ದಾರೆ. ಯಾವ ಕೆಲಸ ಯಾವುದಕ್ಕಿಂತ ಮೊದಲು ಆಗಬೇಕೆಂಬುದು ಗೊತ್ತಿಲ್ಲದಿರುವುದೇ ಇವೆಲ್ಲಕ್ಕೂ ಕಾರಣ. ಆದ್ದರಿಂದ ಕೆಳಗಿನ ಹಂತಗಳನ್ನು ಕ್ರಮ ತಪ್ಪಿಸದೆ ಓದಿಕೊಳ್ಳಬೇಕು.

ಹಂತ 1: ಬಂದರು ಯಾವುದು, ದಾಖಲೆ ಯಾವುದು

ನಮ್ಮ ಜಿಲ್ಲೆಗಳಿಗೆ ಹತ್ತಿರದ ದೊಡ್ಡ ಬಂದರು ಪಣಂಬೂರಿನ ನವಮಂಗಳೂರು ಬಂದರು. ಅಲ್ಲಿಗೆ ವಿದೇಶಿ ಕ್ರೂಸ್ ಹಡಗುಗಳು ಬರುವುದು ನಿಜವಾದರೂ, ಅವು ಸಾಮಾನ್ಯವಾಗಿ ಬೆಳಿಗ್ಗೆ ಬಂದು, ತಮ್ಮ ಪ್ರಯಾಣಿಕರಿಗೆ ಊರು ತೋರಿಸಿ, ಸಂಜೆ ಹೊರಟುಹೋಗುತ್ತವೆ. ನಾವು ಹಡಗು ಹತ್ತಬೇಕಾದದ್ದು ಮುಂಬಯಿ, ಗೋವಾದ ಮುರಗಾಂವ್, ಕೊಚ್ಚಿ ಅಥವಾ ಚೆನ್ನೈನಲ್ಲಿ. ಇಲ್ಲವೇ ವಿಮಾನದಲ್ಲಿ ಸಿಂಗಪುರ, ದುಬೈಗಳಿಗೆ ಹೋಗಿ ಅಲ್ಲಿಂದ.

ದೇಶದೊಳಗಿನ ಪ್ರಯಾಣಕ್ಕೆ, ಅಂದರೆ ಮುಂಬಯಿ–ಗೋವಾ ಅಥವಾ ಲಕ್ಷದ್ವೀಪಕ್ಕೆ ಹೋಗುವ ಹಡಗಿಗೆ, ಸರ್ಕಾರಿ ಗುರುತಿನ ಚೀಟಿಯ ಮೂಲಪ್ರತಿ ಸಾಕು. ಮೊಬೈಲ್‌ನಲ್ಲಿ ತೆಗೆದಿಟ್ಟ ಫೋಟೊವನ್ನಾಗಲಿ ಜೆರಾಕ್ಸನ್ನಾಗಲಿ ನೆಚ್ಚಿಕೊಳ್ಳಬಾರದು. ಮಕ್ಕಳಿಗೂ ಗುರುತಿನ ದಾಖಲೆ ಬೇಕು. ಲಕ್ಷದ್ವೀಪಕ್ಕೆ ಹೊರಗಿನವರು ಹೋಗಲು ಪ್ರವೇಶ ಅನುಮತಿ ಕಡ್ಡಾಯವಾಗಿರುವುದರಿಂದ, ಅದನ್ನು ಹಡಗಿನ ಕಂಪನಿಯೇ ಮಾಡಿಸುತ್ತದೆಯೋ ಅಥವಾ ನೀವು ಅರ್ಜಿ ಹಾಕಬೇಕೋ ಎಂಬುದನ್ನು ಹಣ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು.

ಹಡಗು ಶ್ರೀಲಂಕಾವನ್ನು ಮುಟ್ಟಿ ಬರುವುದಾದರೂ ಅದು ವಿದೇಶ ಪ್ರಯಾಣವೇ. ಪಾಸ್‌ಪೋರ್ಟ್ ಬೇಕು, ಮತ್ತು ಪ್ರಯಾಣ ಮುಗಿಯುವ ದಿನದಿಂದ ಮುಂದೆ ಕನಿಷ್ಠ 6 ತಿಂಗಳ ಅವಧಿ ಅದರಲ್ಲಿ ಉಳಿದಿರಬೇಕು. ಅವಧಿ ಕಡಿಮೆಯಿದ್ದರೆ ಹಾಸನದ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮೊದಲು ನವೀಕರಣಕ್ಕೆ ಹಾಕಿ, ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ ಹಡಗಿನ ಟಿಕೆಟ್ ಮಾಡಿಸುವುದು ಒಳ್ಳೆಯದು. ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ಬುಕಿಂಗ್‌ನಲ್ಲೂ, ವೀಸಾದಲ್ಲೂ ತಿದ್ದುಪಡಿ ಮಾಡಿಸುತ್ತ ಅಲೆಯಬೇಕಾಗುತ್ತದೆ. ಸಿಂಗಪುರದಿಂದ ಹಡಗು ಹತ್ತಿ ಮತ್ತೆ ಸಿಂಗಪುರಕ್ಕೇ ಬಂದಿಳಿಯುವವರು ಆ ದೇಶವನ್ನು ಎರಡು ಸಲ ಪ್ರವೇಶಿಸಿದಂತಾಗುತ್ತದೆ. ಆದ್ದರಿಂದ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶ ಕೊಡುವಂಥದ್ದೇ ಎಂದು ನೋಡಿಕೊಳ್ಳಬೇಕು. ಅಲ್ಲಿನ ಆನ್‌ಲೈನ್ ಆಗಮನ ಪತ್ರವನ್ನೂ ವಿಮಾನದಲ್ಲಿ ಇಳಿಯುವಾಗ ಒಮ್ಮೆ, ಹಡಗಿನಿಂದ ಇಳಿಯುವಾಗ ಇನ್ನೊಮ್ಮೆ ತುಂಬಬೇಕು. ಎರಡನೆಯದು ಮರೆತುಹೋಗುವುದೇ ಹೆಚ್ಚು.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಊರಿನ ಅಕ್ಷರ, ತಂದೆಯ ಅಕ್ಷರಗಳನ್ನು ಹೆಸರಿನ ಮುಂದೆ ಇಟ್ಟುಕೊಳ್ಳುವ ರೂಢಿಯಿದೆ. ಹೀಗಾಗಿ ಆಧಾರ್‌ನಲ್ಲಿ ‘ಸಿ. ಆರ್. ಮಂಜುನಾಥ’ ಎಂದಿರುವವರು ಪಾಸ್‌ಪೋರ್ಟ್‌ನಲ್ಲಿ ‘ಮಂಜುನಾಥ ಚಿಕ್ಕಮಗಳೂರು ರಂಗಪ್ಪ’ ಎಂದಿರುತ್ತಾರೆ. ಟಿಕೆಟ್ ಮಾಡಿಸಿದ ಮಗ ಮೂರನೆಯದೊಂದು ರೂಪದಲ್ಲಿ ‘ಮಂಜುನಾಥ್ ಸಿ’ ಎಂದು ತುಂಬಿರುತ್ತಾನೆ. ಕೌಂಟರಿನಲ್ಲಿ ಕೂತವರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಯಾವ ದಾಖಲೆಯನ್ನು ಬಂದರಿನಲ್ಲಿ ತೋರಿಸುತ್ತೀರೋ ಅದರಲ್ಲಿರುವ ಅಕ್ಷರಗಳನ್ನೇ, ಅದೇ ಕಾಗುಣಿತದಲ್ಲಿ ಬುಕಿಂಗ್‌ನಲ್ಲಿ ತುಂಬಬೇಕು. ಪಾಸ್‌ಪೋರ್ಟ್‌ನಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿ ಇದ್ದರೆ, ಅರ್ಜಿಯ ಆ ಜಾಗದಲ್ಲಿ ಏನು ಬರೆಯಬೇಕೆಂದು ಕಂಪನಿಯನ್ನೇ ಕೇಳಬೇಕು. ಊಹೆಯಿಂದ ತುಂಬುವುದು ಬೇಡ.

ಗರ್ಭಿಣಿಯರು ಮತ್ತು ಎಳೆಯ ಮಕ್ಕಳಿರುವವರು ಕಂಪನಿಯ ನಿಯಮವನ್ನು ಬುಕಿಂಗ್‌ಗೆ ಮೊದಲು ಓದಲೇಬೇಕು. ಸಾಮಾನ್ಯವಾಗಿ 24 ವಾರ ತುಂಬಿದ ಗರ್ಭಿಣಿಯರನ್ನೂ, 6 ತಿಂಗಳು ತುಂಬದ ಶಿಶುಗಳನ್ನೂ ಹತ್ತಿಸಿಕೊಳ್ಳುವುದಿಲ್ಲ.

ಹಂತ 2: ಬಂದರಿನ ಊರನ್ನು ಹಿಂದಿನ ದಿನವೇ ಸೇರುವುದು

ಟಿಕೆಟ್‌ನಲ್ಲಿ ‘ಹೊರಡುವ ಸಮಯ ಸಂಜೆ 5’ ಎಂದಿದ್ದರೆ ಅದು ಹಡಗಿನ ಸಮಯ, ನಿಮ್ಮದಲ್ಲ. ನಿಮಗೆ ಬೇಕಾದದ್ದು ಚೆಕ್-ಇನ್ (ದಾಖಲೆ ತೋರಿಸಿ ಹಡಗು ಹತ್ತಲು ಹೆಸರು ದಾಖಲಿಸಿಕೊಳ್ಳುವ ಕೆಲಸ) ಮುಚ್ಚುವ ಸಮಯ. ಅದು ಹಡಗು ಹೊರಡುವುದಕ್ಕಿಂತ ಒಂದರಿಂದ ಎರಡು ಗಂಟೆ ಮೊದಲೇ ಇರುತ್ತದೆ. ಹಡಗಿನಲ್ಲಿ ಯಾರ‍್ಯಾರು ಇದ್ದಾರೆಂಬ ಪಟ್ಟಿಯನ್ನು ಅಧಿಕಾರಿಗಳಿಗೆ ಒಪ್ಪಿಸಿದ ಮೇಲೆ ಹೊಸಬರನ್ನು ಸೇರಿಸುವುದಿಲ್ಲ. ಹಡಗು ಕಣ್ಣೆದುರಿಗೇ ನಿಂತಿದ್ದರೂ ಅಷ್ಟೇ. ಕೈ ಅಡ್ಡ ಹಿಡಿದರೆ ನಿಲ್ಲಲು ಅದು ಧರ್ಮಸ್ಥಳದ ಬಸ್ಸಲ್ಲ.

ಘಟ್ಟದ ಮೇಲಿನವರಾದ ನಮಗೆ ಇದು ಇನ್ನಷ್ಟು ಮುಖ್ಯ. ಮಂಗಳೂರಿಗಿಳಿದು ಕೊಂಕಣ ರೈಲು ಹಿಡಿಯುವವರು ಶಿರಾಡಿ ಅಥವಾ ಚಾರ್ಮಾಡಿಯನ್ನು ದಾಟಲೇಬೇಕು. ಒಂದು ಲಾರಿ ಅಡ್ಡ ನಿಂತರೆ, ಒಂದು ಮರ ಉರುಳಿದರೆ ಸಕಲೇಶಪುರದಿಂದಾಚೆಗೆ ಅಥವಾ ಕೊಟ್ಟಿಗೆಹಾರದಿಂದಾಚೆಗೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆಯೇ ಬಂದಾಗುವುದುಂಟು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ರೈಲು ಮಾರ್ಗಕ್ಕೂ ಇದೇ ಅಪಾಯವಿದೆ. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುವುದರಿಂದ, ಹಳೆಯ ಸಮಯವನ್ನು ನಂಬಿ ಲೆಕ್ಕ ಹಾಕಬಾರದು. ಬೆಂಗಳೂರಿನಿಂದ ವಿಮಾನ ಹಿಡಿಯುವವರಿಗೆ ನೆಲಮಂಗಲದವರೆಗಿನ ರಸ್ತೆ ಸಲೀಸು. ದೇವನಹಳ್ಳಿಯ ವಿಮಾನ ನಿಲ್ದಾಣ ಊರಿನ ಇನ್ನೊಂದು ಬದಿಗಿರುವುದರಿಂದ ಅಲ್ಲಿಂದ ಮುಂದಿನ ದಾರಿಯೇ ಹೊತ್ತು ತಿನ್ನುತ್ತದೆ.

ಹಡಗು ಹೊರಡುವ ದಿನವೇ ಮನೆ ಬಿಡುವ ಯೋಜನೆಯನ್ನು ಕೈಬಿಟ್ಟು, ಹಿಂದಿನ ಸಂಜೆಯೇ ಬಂದರಿನ ಊರು ಸೇರಿ ಒಂದು ರಾತ್ರಿ ಉಳಿದುಕೊಳ್ಳಬೇಕು. ಲಾಡ್ಜಿನ ಖರ್ಚು ತಪ್ಪಿದ ಹಡಗಿನ ನಷ್ಟಕ್ಕಿಂತ ಎಷ್ಟೋ ಕಡಿಮೆ.

ಟರ್ಮಿನಲ್‌ನ ಹೆಸರನ್ನೂ ಸರಿಯಾಗಿ ಬರೆದಿಟ್ಟುಕೊಳ್ಳಬೇಕು. ಮುಂಬಯಿಯಲ್ಲಿ ಕ್ರೂಸ್ ಟರ್ಮಿನಲ್ ಇರುವುದು ದಕ್ಷಿಣ ತುದಿಯ ಬಲ್ಲಾರ್ಡ್ ಪಿಯರ್‌ನಲ್ಲಿ. ಮತ್ಸ್ಯಗಂಧಾ ರೈಲಿನಲ್ಲಿ ಹೋದವರು ಇಳಿಯುವುದು ಕುರ್ಲಾದ ಲೋಕಮಾನ್ಯ ತಿಲಕ ಟರ್ಮಿನಸ್‌ನಲ್ಲಿ. ನಡುವೆ ಮುಂಬಯಿಯ ಸಂಚಾರ ದಟ್ಟಣೆಯಿದೆ. ಗೋವಾದಲ್ಲಿ ಬರೀ ‘ಕ್ರೂಸ್‌ಗೆ ಹೋಗಬೇಕು’ ಎಂದರೆ ಟ್ಯಾಕ್ಸಿಯವರು ಪಣಜಿಯ ಮಾಂಡೋವಿ ನದಿಯ ಸಂಜೆ ವಿಹಾರದ ದೋಣಿಗಳ ಬಳಿ ಇಳಿಸಿಬಿಡಬಹುದು. ವಾಸ್ಕೊ ಹತ್ತಿರದ ಮುರಗಾಂವ್ ಬಂದರು ಎಂದು ಬಿಡಿಸಿ ಹೇಳಬೇಕು. ಸಿಂಗಪುರದಲ್ಲಿ ಮರೀನಾ ಬೇ ಮತ್ತು ಹಾರ್ಬರ್‌ಫ್ರಂಟ್ ಎಂದು ಎರಡು ಕ್ರೂಸ್ ಟರ್ಮಿನಲ್‌ಗಳಿವೆ; ನಿಮ್ಮ ಹಡಗು ಯಾವುದರಿಂದ ಹೊರಡುತ್ತದೆಂದು ಬೋರ್ಡಿಂಗ್ ಪಾಸ್ ನೋಡಿಯೇ ಹೊರಡಬೇಕು.

ಹಂತ 3: ಆನ್‌ಲೈನ್ ಚೆಕ್-ಇನ್ ಮತ್ತು ಲಗೇಜ್ ಟ್ಯಾಗ್

ಬಹುತೇಕ ಕಂಪನಿಗಳು ಪ್ರಯಾಣಕ್ಕೆ ಕೆಲವು ದಿನ ಅಥವಾ ವಾರಗಳ ಮೊದಲೇ ಆನ್‌ಲೈನ್ ಚೆಕ್-ಇನ್ ತೆರೆಯುತ್ತವೆ. ಫೋಟೊ, ದಾಖಲೆಯ ವಿವರ, ಆರೋಗ್ಯ ಘೋಷಣೆ, ತುರ್ತು ಸಂಪರ್ಕ ಇವನ್ನೆಲ್ಲ ತುಂಬಿದ ಮೇಲೆ ಬಂದರಿಗೆ ಬರಬೇಕಾದ ಅವಧಿಯನ್ನು ಆರಿಸಿಕೊಳ್ಳಲು ಕೇಳುತ್ತಾರೆ. ಬೇಗ ಮಾಡಿದವರಿಗೆ ಬೇಗನೆ ಹತ್ತುವ ಅವಧಿ ಸಿಗುತ್ತದೆ. ಕೊಟ್ಟ ಅವಧಿಗಿಂತ ಬಹಳ ಮೊದಲೇ ಹೋದರೆ ಹೊರಗೆ ಬಿಸಿಲಿನಲ್ಲಿ ನಿಲ್ಲಬೇಕಾಗುತ್ತದೆ, ಅಷ್ಟೇ ಲಾಭ.

ಬೋರ್ಡಿಂಗ್ ಪಾಸ್ ಜೊತೆಗೆ ಲಗೇಜ್ ಟ್ಯಾಗ್ ಕೂಡ ಬಂದರೆ ಊರಿನಲ್ಲಿಯೇ ಮುದ್ರಿಸಿಕೊಳ್ಳಬೇಕು. ಎ4 ಹಾಳೆಯನ್ನು ಗುರುತಿರುವ ಗೆರೆಗಳಲ್ಲಿ ಮಡಿಸಿ, ಕ್ಯಾಬಿನ್ ಸಂಖ್ಯೆ ಹೊರಗೆ ಕಾಣುವಂತೆ ಸೂಟ್‌ಕೇಸಿನ ಹಿಡಿಕೆಗೆ ಸುತ್ತಿ, ಎರಡು ಕಡೆ ಸ್ಟೇಪಲ್ ಹೊಡೆದು, ಮೇಲೆ ಅಗಲವಾದ ಪಾರದರ್ಶಕ ಟೇಪ್ ಸುತ್ತಬೇಕು. ಬರೀ ಕಾಗದ ಮಳೆಗೆ ನೆಂದರೆ ಅಥವಾ ಬೆಲ್ಟಿನ ಮೇಲೆ ಉಜ್ಜಿದರೆ ಹರಿದುಹೋಗುತ್ತದೆ. ಟ್ಯಾಗ್ ಇಲ್ಲದ ಚೀಲ ಹಡಗಿನ ಕೆಳ ಅಂತಸ್ತಿನಲ್ಲಿ ಅನಾಥವಾಗಿ ಬಿದ್ದಿರುತ್ತದೆ. ಹಳೆಯ ವಿಮಾನ ಪ್ರಯಾಣದ ಪಟ್ಟಿಗಳನ್ನು ಕಿತ್ತೆಸೆದು, ಹೆಸರು, ಫೋನ್ ಸಂಖ್ಯೆ, ಕ್ಯಾಬಿನ್ ಸಂಖ್ಯೆ ಬರೆದ ಇನ್ನೊಂದು ಚೀಟಿಯನ್ನು ಸೂಟ್‌ಕೇಸಿನ ಒಳಗೂ ಹಾಕಿಡಬೇಕು.

ಹಂತ 4: ಕೈಚೀಲ ಮತ್ತು ದೊಡ್ಡ ಚೀಲವನ್ನು ಬೇರ್ಪಡಿಸುವುದು

ಬಂದರಿನಲ್ಲಿ ನಿಮ್ಮ ದೊಡ್ಡ ಚೀಲವನ್ನು ಹೊರಗಡೆಯೇ ತೆಗೆದುಕೊಳ್ಳುತ್ತಾರೆ. ಅದು ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಗೆ, ಕೆಲವೊಮ್ಮೆ ರಾತ್ರಿ ಊಟದ ಹೊತ್ತಿಗೆ. ಆದ್ದರಿಂದ ಆ ದಿನ ರಾತ್ರಿಯವರೆಗೆ ಬೇಕಾಗುವ ಎಲ್ಲವೂ ಕೈಚೀಲದಲ್ಲಿರಬೇಕು: ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿ, ಬೋರ್ಡಿಂಗ್ ಪಾಸ್, ಹಣ, ಕಾರ್ಡ್, ದಿನನಿತ್ಯದ ಮಾತ್ರೆ ಮತ್ತು ವೈದ್ಯರ ಚೀಟಿ, ಇನ್ಸುಲಿನ್, ಕನ್ನಡಕ, ಚಾರ್ಜರ್, ಪವರ್ ಬ್ಯಾಂಕ್, ಒಂದು ಜೊತೆ ಬಟ್ಟೆ. ಮಕ್ಕಳು ಹತ್ತಿದ ತಕ್ಷಣ ಈಜುಕೊಳಕ್ಕೆ ಓಡುತ್ತಾರೆ, ಈಜುಡುಗೆಯೂ ಕೈಯಲ್ಲೇ ಇರಲಿ. ಒಡವೆಯನ್ನು ದೊಡ್ಡ ಚೀಲದಲ್ಲಿಡುವುದಂತೂ ಸಲ್ಲದು.

ಹಡಗಿನಲ್ಲಿ ಬೆಂಕಿಯ ಭಯ ಎಲ್ಲಕ್ಕಿಂತ ದೊಡ್ಡದು. ಆದ್ದರಿಂದ ಇಸ್ತ್ರಿ ಪೆಟ್ಟಿಗೆ, ವಿದ್ಯುತ್ ಕೆಟಲ್, ನೀರು ಕಾಯಿಸುವ ಕಾಯಿಲ್, ಎಕ್ಸ್‌ಟೆನ್ಷನ್ ಬೋರ್ಡ್, ಮೇಣದಬತ್ತಿ, ಊದುಬತ್ತಿ, ಕರ್ಪೂರ ಇವೆಲ್ಲ ಎಕ್ಸ್‌-ರೇಯಲ್ಲಿ ಸಿಕ್ಕಿಬೀಳುತ್ತವೆ. ಚಾಕು, ಹಣ್ಣು ಹೆಚ್ಚುವ ಈಳಿಗೆ, ಮದ್ಯ ಕೂಡ ಹಾಗೆಯೇ. ಚೀಲ ಎಷ್ಟು ಹೊತ್ತಾದರೂ ಕ್ಯಾಬಿನ್‌ಗೆ ಬರಲಿಲ್ಲವೆಂದರೆ ಇಂಥದ್ದೇನೋ ಒಳಗಿದೆ, ಭದ್ರತಾ ಸಿಬ್ಬಂದಿ ತಡೆಹಿಡಿದಿದ್ದಾರೆ ಎಂಬುದರ ಸೂಚನೆ ಅದು. ಸ್ವಾಗತ ಕೌಂಟರಿಗೆ ಹೋಗಿ ವಿಚಾರಿಸಬೇಕು.

ತಿಂಡಿಯ ವಿಷಯದಲ್ಲಿ ನಮ್ಮವರಿಗೆ ಆಗುವ ನಿರಾಸೆಗೆ ಲೆಕ್ಕವಿಲ್ಲ. ಮನೆಯಲ್ಲಿ ಮಾಡಿದ ಪದಾರ್ಥವನ್ನು ಬಹಳಷ್ಟು ಹಡಗುಗಳಲ್ಲಿ ಒಳಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ಪೊಟ್ಟಣಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಡಬ್ಬಿ ತುಂಬ ಕೋಡುಬಳೆ ಒಯ್ದು ಬಂದರಿನ ಕಸದ ಬುಟ್ಟಿಗೆ ಹಾಕುವುದಕ್ಕಿಂತ ಮೊದಲೇ ನಿಯಮ ಓದಿಕೊಳ್ಳುವುದು ಮೇಲು. ಹಡಗಿನ ಕಾಫಿ ನಾಲಿಗೆಗೆ ಹಿಡಿಸದು ಎಂಬ ಚಿಂತೆಯಿರುವ ಚಿಕ್ಕಮಗಳೂರಿನವರು ಡಿಕಾಕ್ಷನ್ ಬಾಟಲಿಯನ್ನು ಬಿಟ್ಟು, ಸೀಲ್ ಮಾಡಿದ ಇನ್‌ಸ್ಟಂಟ್ ಪೊಟ್ಟಣಗಳನ್ನು ಒಯ್ಯುವುದು ವಾಸಿ. ವಿಮಾನದಲ್ಲಿ ಹೋಗುವ ಅರಸೀಕೆರೆ ಕಡೆಯವರಿಗೆ ಇನ್ನೊಂದು ಮಾತು: ಎಣ್ಣೆಯಂಶದ ಕಾರಣಕ್ಕೆ ಒಣ ಕೊಬ್ಬರಿ ಬೆಂಕಿ ಹಿಡಿಯಬಹುದಾದ ವಸ್ತುಗಳ ಪಟ್ಟಿಯಲ್ಲಿದೆ, ವಿಮಾನದ ತಪಾಸಣೆಯಲ್ಲೇ ಅದನ್ನು ತೆಗೆಸುತ್ತಾರೆ.

ಹಂತ 5: ಟರ್ಮಿನಲ್ ಒಳಗಿನ ಕ್ರಮ

ಮೊದಲು ದೊಡ್ಡ ಚೀಲವನ್ನು ಹಸ್ತಾಂತರಿಸಬೇಕು. ಹಾಗೆ ಮಾಡುವ ಮುಂಚೆ ಪಾಸ್‌ಪೋರ್ಟ್ ಕೈಯಲ್ಲಿದೆಯೇ ಎಂದು ಮುಟ್ಟಿ ನೋಡಿಕೊಳ್ಳಬೇಕು. ಅಧಿಕೃತ ಸಮವಸ್ತ್ರ ಇಲ್ಲದವರ ಕೈಗೆ ಚೀಲ ಕೊಡಬಾರದು. ನಂತರ ಭದ್ರತಾ ತಪಾಸಣೆ, ಆಮೇಲೆ ದಾಖಲೆ ಪರಿಶೀಲನೆ, ಅಲ್ಲಿಯೇ ಫೋಟೊ. ವಿದೇಶ ಪ್ರಯಾಣವಾದರೆ ಇದರ ಬಳಿಕ ವಲಸೆ ವಿಭಾಗದ ಮುದ್ರೆ. ಇಷ್ಟು ಮುಗಿದರೆ ಹಡಗಿನ ಕಾರ್ಡ್ ಸಿಗುತ್ತದೆ, ಅಥವಾ ಅದು ಕ್ಯಾಬಿನ್‌ನಲ್ಲಿಯೇ ಕಾದಿರುತ್ತದೆ. ಕ್ಯಾಬಿನ್ ಬಾಗಿಲು ತೆರೆಯುವುದು, ಖರೀದಿಗೆ ಹಣ ಬರೆಯಿಸುವುದು, ಹಡಗಿನಿಂದ ಇಳಿದು ಹತ್ತುವಾಗ ದಾಖಲಾಗುವುದು ಎಲ್ಲವೂ ಆ ಒಂದು ಕಾರ್ಡಿನಿಂದ.

ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟ್‌ಗಳನ್ನು ಸಿಬ್ಬಂದಿ ತೆಗೆದಿಟ್ಟುಕೊಂಡು ಕೊನೆಯ ದಿನ ಹಿಂದಿರುಗಿಸುತ್ತಾರೆ. ಗಾಬರಿಯಾಗಬೇಕಿಲ್ಲ, ರಸೀದಿ ಕೇಳಿ ಪಡೆದು, ಮುಖ್ಯ ಪುಟ ಮತ್ತು ವೀಸಾ ಪುಟದ ನಕಲನ್ನು ಜೊತೆಯಲ್ಲಿಟ್ಟುಕೊಂಡರೆ ಸಾಕು.

ನಡೆಯಲು ಕಷ್ಟವಿರುವ ಹಿರಿಯರಿಗೆ ಗಾಲಿಕುರ್ಚಿ ಬೇಕೆಂದರೆ ಬುಕಿಂಗ್ ಸಮಯದಲ್ಲೇ ಬರೆಸಿರಬೇಕು. ಸಾಲಿನಿಂದ ಹಡಗಿನ ಬಾಗಿಲವರೆಗಿನ ನಡಿಗೆ ಉದ್ದವಾದದ್ದು. ಹಡಗಿಗೆ ಹಾಕಿದ ಸೇತುವೆಯ ಇಳಿಜಾರು ಅಲೆಯ ಉಬ್ಬರವಿಳಿತದಂತೆ ಬದಲಾಗುತ್ತಿರುತ್ತದೆ.

ಹಂತ 6: ಹತ್ತಿದ ಮೊದಲ ಕೆಲವು ಗಂಟೆ

ಊಟಕ್ಕಿಂತ ಮೊದಲು ಸುರಕ್ಷತಾ ಅಭ್ಯಾಸ, ಅಂದರೆ ಅಪಾಯ ಬಂದಾಗ ಎಲ್ಲಿ ಸೇರಬೇಕು, ಏನು ಮಾಡಬೇಕು ಎಂಬುದರ ತಾಲೀಮು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ತಾಗಿ 32 ಜನ ಸತ್ತಾಗ, ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. 2015ರಿಂದ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣವೇ ಅದನ್ನು ಮಾಡಿಸಬೇಕು. ನಿಮ್ಮ ಕಾರ್ಡಿನ ಮೇಲೆ ಸೇರಬೇಕಾದ ಜಾಗದ ಅಕ್ಷರ ಅಥವಾ ಸಂಖ್ಯೆ ಇರುತ್ತದೆ. ಕೆಲವು ಹಡಗುಗಳಲ್ಲಿ ಎಲ್ಲರನ್ನೂ ಒಟ್ಟಿಗೆ ಸೇರಿಸುತ್ತಾರೆ. ಇನ್ನು ಕೆಲವೆಡೆ ಕ್ಯಾಬಿನ್ ಟಿವಿಯಲ್ಲಿ ವಿಡಿಯೊ ನೋಡಿ, ಆ ಜಾಗಕ್ಕೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಿದರೆ ಮುಗಿಯಿತು. ತಪ್ಪಿಸಿಕೊಂಡವರ ಕ್ಯಾಬಿನ್ ಸಂಖ್ಯೆಯನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ತುರ್ತು ಸಂಜ್ಞೆ ಏಳು ಚಿಕ್ಕ ಸದ್ದು, ಕೊನೆಗೆ ಒಂದು ದೀರ್ಘ ಸದ್ದು. ಇದನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಬೇಕು.

ಹಡಗಿನೊಳಗೆ ನಗದು ವ್ಯವಹಾರ ಇರುವುದಿಲ್ಲ. ಖಾತೆಗೆ ಕಾರ್ಡ್ ಜೋಡಿಸಬೇಕು ಅಥವಾ ಮುಂಗಡ ಕಟ್ಟಬೇಕು. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಬಳಕೆಯನ್ನು ನಾವೇ ಆನ್ ಮಾಡಬೇಕಾಗಿರುವುದರಿಂದ ಅದನ್ನು ಊರಿನಲ್ಲೇ ಮಾಡಿಕೊಂಡು ಹೊರಡಬೇಕು, ಏಕೆಂದರೆ ಸಮುದ್ರದ ಮಧ್ಯೆ ಒಟಿಪಿ ಬರುವುದಿಲ್ಲ. ಡೆಬಿಟ್ ಕಾರ್ಡ್ ಕೊಟ್ಟರೆ ಹಡಗಿನವರು ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಪ್ರವಾಸ ಮುಗಿದು ಹಲವು ದಿನಗಳವರೆಗೆ ಅದು ನಿಮ್ಮ ಖಾತೆಗೆ ಮರಳದೆ ಇರಬಹುದು. ಕ್ರೆಡಿಟ್ ಕಾರ್ಡ್ ಅಥವಾ ಮುಂಗಡ ಉತ್ತಮ.

ಬಂದರು ಬಿಡುವ ಮೊದಲೇ ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಬೇಕು. ದಡದ ಸಿಗ್ನಲ್ ಹೋದ ಮೇಲೆ ಫೋನ್ ತಾನಾಗಿ ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಳ್ಳುತ್ತದೆ, ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸುವುದಿಲ್ಲ, ಬಿಲ್ ಮಾತ್ರ ದೊಡ್ಡದಾಗಿಯೇ ಬರುತ್ತದೆ.

ಚಾರ್ಮಾಡಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಹಡಗಿನಲ್ಲಿಯೂ ಎಚ್ಚರವಾಗಿರಬೇಕು. ವೈದ್ಯರು ಹೇಳಿದ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬುಕಿಂಗ್‌ನಲ್ಲಿ ಆಯ್ಕೆಯಿದ್ದರೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ತೆಗೆದುಕೊಂಡರೆ ಓಲಾಟ ಕಡಿಮೆ.

ಹಂತ 7: ನಡುವಿನ ಬಂದರುಗಳಲ್ಲಿ ಇಳಿದು ಹತ್ತುವುದು

ಕಾರ್ಡ್ ಮತ್ತು ಗುರುತಿನ ದಾಖಲೆ ಇಲ್ಲದೆ ಇಳಿಯಬಾರದು. ಬಾಗಿಲ ಬಳಿ ಬರೆದ ‘ಎಲ್ಲರೂ ಹಡಗಿನಲ್ಲಿರಬೇಕಾದ ಸಮಯ’ವನ್ನು ಫೋಟೊ ತೆಗೆದಿಟ್ಟುಕೊಳ್ಳಬೇಕು. ಅದು ಹಡಗಿನ ಗಡಿಯಾರದ ಲೆಕ್ಕ. ಬೇರೆ ದೇಶದ ಜಾಲ ಹಿಡಿದ ನಿಮ್ಮ ಮೊಬೈಲ್ ಬೇರೆ ಸಮಯ ತೋರಿಸಬಹುದು, ಕೈಗಡಿಯಾರವೇ ಲೇಸು. ಸ್ವಂತ ಟ್ಯಾಕ್ಸಿಯಲ್ಲಿ ತಿರುಗಲು ಹೋದವರಿಗಾಗಿ ಹಡಗು ಕಾಯುವುದಿಲ್ಲ.

ಲಕ್ಷದ್ವೀಪದಂತಹ ಕಡೆ ಲಗೂನು (ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ನೀರು) ಆಳವಿಲ್ಲದ್ದರಿಂದ ಹಡಗು ದೂರದಲ್ಲೇ ನಿಲ್ಲುತ್ತದೆ, ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗಬೇಕು. ದೋಣಿ ಅಲೆಯೊಂದಿಗೆ ಮೇಲೇರಿ ಕೆಳಗಿಳಿಯುತ್ತಿರುತ್ತದೆ. ಅದು ಮೆಟ್ಟಿಲಿನ ಮಟ್ಟಕ್ಕೆ ಬಂದಾಗ ನಾವಿಕ ‘ಈಗ’ ಎನ್ನುತ್ತಾನೆ. ಆಗ ಅವನು ನಿಮ್ಮ ಮೊಣಕೈ ಕೆಳಗೆ ಹಿಡಿಯುತ್ತಾನೆ, ನೀವೂ ಅವನ ತೋಳನ್ನೇ ಹಿಡಿದು ಒಂದೇ ಹೆಜ್ಜೆ ಇಡಬೇಕು. ಅರ್ಧಕ್ಕೆ ಅನುಮಾನಿಸಿ ಕಾಲು ಹಿಂದೆಗೆದರೆ ಬೀಳುತ್ತೀರಿ. ಎರಡೂ ಕೈ ಖಾಲಿಯಿರಬೇಕು, ಬೆನ್ನಿಗೆ ಚೀಲ, ಕಾಲಿಗೆ ಹಿಂಬದಿ ಪಟ್ಟಿಯಿರುವ ಚಪ್ಪಲಿ. ಸೀರೆಯ ನೆರಿಗೆ ಕಾಲಿಗೆ ತೊಡರುವುದರಿಂದ ಆ ದಿನಕ್ಕೆ ಚೂಡಿದಾರ ಅನುಕೂಲ. ಗಾಳಿ ಜೋರಾದರೆ ದೋಣಿ ಬಿಡುವುದಿಲ್ಲ, ದ್ವೀಪ ನೋಡದೆಯೇ ಹಡಗು ಮುಂದೆ ಹೋಗಬಹುದು.

ಹಂತ 8: ಕೊನೆಯ ರಾತ್ರಿ

ಬಹಳಷ್ಟು ಜನ ಎಡವುವುದು ಇಲ್ಲಿ. ಕೊನೆಯ ದಿನ ಮಧ್ಯಾಹ್ನ ಕ್ಯಾಬಿನ್‌ಗೆ ಬಣ್ಣ ಅಥವಾ ಸಂಖ್ಯೆಯ ಹೊಸ ಟ್ಯಾಗ್‌ಗಳು ಬರುತ್ತವೆ. ದೊಡ್ಡ ಚೀಲಗಳಿಗೆ ಅವನ್ನು ಕಟ್ಟಿ, ಸೂಚಿಸಿದ ಸಮಯದೊಳಗೆ, ಸಾಮಾನ್ಯವಾಗಿ ರಾತ್ರಿ 11ರ ಸುಮಾರಿಗೆ, ಬಾಗಿಲ ಹೊರಗಿಡಬೇಕು. ರಾತ್ರಿಯೇ ಅವು ಕೆಳಕ್ಕೆ ಹೋಗುತ್ತವೆ. ಮತ್ತೆ ನಿಮ್ಮ ಕೈಗೆ ಸಿಗುವುದು ಮರುದಿನ ಟರ್ಮಿನಲ್‌ನಲ್ಲಿ.

ಆದ್ದರಿಂದ ತುಂಬುವ ಕ್ರಮ ಹೀಗಿರಲಿ: ಮೊದಲು ಮರುದಿನ ಉಡುವ ಬಟ್ಟೆ, ಒಳಉಡುಪು, ಚಪ್ಪಲಿ, ಮಾತ್ರೆ, ಹಲ್ಲುಜ್ಜುವ ಬ್ರಷ್, ಚಾರ್ಜರ್, ಎಲ್ಲ ದಾಖಲೆ ಮತ್ತು ಒಡವೆಯನ್ನು ಹಾಸಿಗೆಯ ಒಂದು ಮೂಲೆಯಲ್ಲಿ ಜೋಡಿಸಿ ಕೈಚೀಲಕ್ಕೆ ಸೇರಿಸಬೇಕು. ಅದಾದ ಮೇಲೆಯೇ ದೊಡ್ಡ ಚೀಲ. ಮನೆಯವರೆಲ್ಲರ ಬಟ್ಟೆಯನ್ನು ಒಬ್ಬರೇ ತುಂಬುವ ಮನೆಗಳಲ್ಲಿ ಈ ತಪ್ಪು ಹೆಚ್ಚು. ಪ್ರತಿಯೊಬ್ಬರೂ ತಮ್ಮ ತಮ್ಮ ಬೆಳಗಿನ ಬಟ್ಟೆಯನ್ನು ತೋರಿಸಿದ ನಂತರ ಜಿಪ್ ಎಳೆಯಬೇಕು.

ಚೀಲವನ್ನು ಸ್ವತಃ ಹೊತ್ತು ಇಳಿಯಲು ಶಕ್ತರಾದವರಿಗೆ ‘ಸ್ವಯಂ ಇಳಿಯುವಿಕೆ’ಯ ಅವಕಾಶವೂ ಇರುತ್ತದೆ. ಹೊರಗಿಡುವ ಗೋಜಿಲ್ಲ, ಮೊದಲ ತಂಡದಲ್ಲಿಯೇ ಇಳಿಯಬಹುದು. ಲಿಫ್ಟ್‌ಗಳಲ್ಲಿ ಆಗ ವಿಪರೀತ ನೂಕುನುಗ್ಗಲು, ಹಾಗಾಗಿ ಹಿರಿಯರನ್ನು ಕರೆದುಕೊಂಡು ಹೋದವರಿಗೆ ಇದು ಹೇಳಿಸಿದ್ದಲ್ಲ.

ಅದೇ ರಾತ್ರಿ ಬಿಲ್ ನೋಡಬೇಕು. ಮಕ್ಕಳು ಕಾರ್ಡ್ ತೋರಿಸಿ ಕುಡಿದ ಜ್ಯೂಸ್, ಕ್ಯಾಬಿನ್ ಫ್ರಿಜ್‌ನ ಬಾಟಲಿ, ದಿನಕ್ಕಿಷ್ಟೆಂದು ಸೇರಿದ ಸೇವಾ ಶುಲ್ಕ ಎಲ್ಲ ಅದರಲ್ಲಿರುತ್ತವೆ. ತಕರಾರಿದ್ದರೆ ರಾತ್ರಿಯೇ ಹೇಳಬೇಕು. ಬೆಳಿಗ್ಗೆ ಸ್ವಾಗತ ಕೌಂಟರಿನ ಸಾಲು ಮೆಟ್ಟಿಲವರೆಗೆ ಬೆಳೆದಿರುತ್ತದೆ.

ಹಂತ 9: ಇಳಿಯುವ ಬೆಳಿಗ್ಗೆ

ಹಡಗು ಕಟ್ಟೆಗೆ ತಾಗಿದ ಕೂಡಲೇ ಇಳಿಸುವುದಿಲ್ಲ. ಅಧಿಕಾರಿಗಳ ಅನುಮತಿ ಸಿಗಬೇಕು. ಕ್ಯಾಬಿನ್ ಮಾತ್ರ ಬೇಗನೆ, ಹೆಚ್ಚಾಗಿ 8 ಗಂಟೆಯ ಆಸುಪಾಸಿನಲ್ಲಿ ಬಿಟ್ಟುಕೊಡಬೇಕು. ಬಿಡುವ ಮೊದಲು ಲಾಕರ್, ಬಚ್ಚಲ ಬಾಗಿಲ ಹಿಂದಿನ ಕೊಕ್ಕೆ, ಹಾಸಿಗೆ ಪಕ್ಕದ ಪ್ಲಗ್, ಬಾಲ್ಕನಿಯಲ್ಲಿ ಒಣಹಾಕಿದ ಟವೆಲ್ ನೋಡಿಕೊಂಡು, ಉಪಾಹಾರ ಮುಗಿಸಿ, ಸೂಚಿಸಿದ ಹಾಲ್‌ನಲ್ಲಿ ಕುಳಿತು ನಿಮ್ಮ ಬಣ್ಣ ಅಥವಾ ಸಂಖ್ಯೆ ಕರೆಯುವವರೆಗೆ ಕಾಯಬೇಕು. ಬಾಗಿಲ ಬಳಿ ಮೊದಲೇ ಹೋಗಿ ನಿಂತರೂ ನಿಮ್ಮ ಚೀಲ ಆಗ ಕೆಳಗೆ ಬಂದಿರುವುದಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ ಹಡಗಾದರೆ ಅದನ್ನು ಪಡೆದ ಮೇಲೆಯೇ ಕೊನೆಯ ಸಲ ಕಾರ್ಡ್ ಸ್ಕ್ಯಾನ್ ಮಾಡಿಸಬೇಕು. ಒಮ್ಮೆ ಇಳಿದ ಮೇಲೆ ಮರೆತ ವಸ್ತುವಿಗೆಂದು ಮತ್ತೆ ಹತ್ತಲು ಬಿಡುವುದಿಲ್ಲ.

ಟರ್ಮಿನಲ್‌ನಲ್ಲಿ ಚೀಲಗಳು ಬಣ್ಣದ ಪ್ರಕಾರ ಸಾಲಾಗಿ ನಿಂತಿರುತ್ತವೆ. ಕಪ್ಪು ಸೂಟ್‌ಕೇಸ್‌ಗಳೆಲ್ಲ ಒಂದೇ ತರ ಕಾಣುವುದರಿಂದ ಟ್ಯಾಗ್ ಮೇಲಿನ ಹೆಸರು ಓದಿಯೇ ಎತ್ತಬೇಕು. ಚಕ್ರ ಮುರಿದಿದ್ದರೆ, ಜಿಪ್ ಕಿತ್ತಿದ್ದರೆ ಅಲ್ಲಿಯೇ ಲಿಖಿತ ದೂರು ಕೊಡಬೇಕು. ಗೇಟು ದಾಟಿದ ಮೇಲೆ ದೂರಿಗೆ ಬಲವಿಲ್ಲ. ವಿದೇಶದಿಂದ ಬಂದವರಿಗೆ ಇದರ ನಂತರ ವಲಸೆ ಮತ್ತು ಕಸ್ಟಮ್ಸ್ ತಪಾಸಣೆ.

ಹಂತ 10: ಮರಳಿ ಘಟ್ಟ ಹತ್ತುವುದು

ಹಡಗು ಬೆಳಿಗ್ಗೆ 7ಕ್ಕೆ ಬರುತ್ತದೆಂದು 10 ಗಂಟೆಯ ವಿಮಾನ ಅಥವಾ ರೈಲು ಮಾಡಿಸಬಾರದು. ದೇಶದೊಳಗಿನ ವಿಮಾನವಾದರೆ ಮಧ್ಯಾಹ್ನ 1ರ ನಂತರದ್ದು, ವಿದೇಶದಿಂದ ಮರಳುವ ವಿಮಾನವಾದರೆ ಇನ್ನೂ ಎರಡು ಗಂಟೆ ತಡವಾದದ್ದು ಸುರಕ್ಷಿತ. ಮಂಜು ಅಥವಾ ಬಂದರಿನ ದಟ್ಟಣೆಯಿಂದ ಹಡಗೇ ತಡವಾಗುವುದೂ ಇದೆ.

ಇಳಿದ ಮೇಲೆ ಒಂದೆರಡು ದಿನ ನೆಲ ತೂಗಾಡುತ್ತಿರುವಂತೆ ಅನ್ನಿಸಬಹುದು. ಸಾಮಾನ್ಯವಾಗಿ ಅದು ತಾನೇ ಕಡಿಮೆಯಾಗುತ್ತದೆ. ವಾರ ಕಳೆದರೂ ಉಳಿದರೆ ವೈದ್ಯರನ್ನು ಕಾಣಬೇಕು. ಆ ಸ್ಥಿತಿಯಲ್ಲಿ, ನಿದ್ದೆಗೆಟ್ಟ ರಾತ್ರಿಯ ಮರುದಿನ, ಮಂಗಳೂರಿನಲ್ಲಿ ಬಿಟ್ಟುಹೋಗಿದ್ದ ಕಾರು ತೆಗೆದು ಕತ್ತಲಲ್ಲಿ ಶಿರಾಡಿ ಹತ್ತುವುದು ಅಪಾಯಕಾರಿ. ಚಾಲಕರನ್ನು ಗೊತ್ತು ಮಾಡಿಕೊಳ್ಳಬೇಕು, ಇಲ್ಲವಾದರೆ ಬಸ್ಸಿನಲ್ಲಿ ಬಂದು ಕಾರನ್ನು ಆಮೇಲೆ ತರಿಸಿಕೊಳ್ಳಬೇಕು.